ಹನ್ನೊಂದು ಸೀಸನ್ ಕಪ್ ಇಲ್ಲ, ಕ್ಲಬ್ ಮಾತ್ರ ಇದೆ

ಮೊದಲೇ ಹೇಳಿಬಿಡ್ತೀವಿ. ಇದನ್ನು ಬರೆಯುತ್ತಿರುವ ನಾವು ಮೂವರಲ್ಲಿ ಯಾರೂ ಒಂದು ದಿನಕ್ಕೂ ಬೇಸ್‌ಬಾಲ್ ಆಡಿದವರಲ್ಲ. ಬ್ಯಾಟ್ ನೋಡಿರೋದು ತೆಲುಗು ಸಿನಿಮಾದ ಫೈಟ್ ಸೀನ್‌ನಲ್ಲಿ. ಆದರೂ ಒಂದು ಸೆಮಿಸ್ಟರ್ ಪೂರ್ತಿ ನಾವು ಜರ್ಮನಿಯ ಒಂದು ಬೇಸ್‌ಬಾಲ್ ಕ್ಲಬ್ ಬಗ್ಗೆ ಹಾಸ್ಟೆಲ್‌ನಲ್ಲಿ ಜಗಳ ಆಡಿದ್ದೀವಿ, ಮೆಸ್‌ನಲ್ಲಿ ತಟ್ಟೆ ಒಣಗುವವರೆಗೂ. ಆ ಜಗಳದಿಂದ ಹುಟ್ಟಿದ ಅಭಿಪ್ರಾಯ ಇದು.

ಶುರುವಾಗಿದ್ದು ಜರ್ಮನ್ ಕ್ಲಾಸಿನಿಂದ. ಎಂಎಸ್‌ಗೆ ಜರ್ಮನಿಗೆ ಹೋಗೋ ಕನಸಿರುವ ಅರ್ಧ ಕ್ಯಾಂಪಸ್ ಸಂಜೆ ಎ1 ಕ್ಲಾಸಿನಲ್ಲಿ ಇರುತ್ತೆ, ನಾವೂ ಇದ್ದೀವಿ. ಯಾವುದಾದರೂ ಒಂದು ಊರು ಆರಿಸಿಕೊಂಡು ಐದು ನಿಮಿಷ ಮಾತಾಡಿ ಅಂದರು ಮೇಡಂ. ಎಲ್ಲರೂ ಮ್ಯೂನಿಕ್, ಬರ್ಲಿನ್ ಹಿಡಿದುಕೊಂಡರು. ನಾವು ರೇಗೆನ್ಸ್‌ಬುರ್ಗ್ ತಗೊಂಡ್ವಿ. ಕಾರಣ ಇಷ್ಟೇ, ಪಿಯುಸಿಯಲ್ಲಿ ನಮ್ಮ ತಲೆ ತಿಂದ ಮೂರು ನಿಯಮಗಳ ಯೋಹಾನೆಸ್ ಕೆಪ್ಲರ್ 1630ರಲ್ಲಿ ತೀರಿಕೊಂಡಿದ್ದು ಆ ಊರಿನಲ್ಲಿ. ಅದನ್ನು ಹುಡುಕೋಕೆ ಹೋದರೆ ಇನ್ನೊಬ್ಬ ಕೆಪ್ಲರ್ ಸಿಕ್ಕಿದ. ಮ್ಯಾಕ್ಸ್ ಕೆಪ್ಲರ್. ಇವನು ಗ್ರಹ ನೋಡುವವನಲ್ಲ, ಚೆಂಡನ್ನು ಗ್ಯಾಲರಿಗೆ ಹೊಡೆಯುವವನು. ಇವನೂ ರೇಗೆನ್ಸ್‌ಬುರ್ಗ್‌ಗೆ ಬಂದವನೇ, ಆದರೆ ಸಾಯೋಕೆ ಅಲ್ಲ, ಹದಿಹರೆಯದಲ್ಲಿ ಆಟ ಕಲಿಯೋಕೆ.

ರೇಗೆನ್ಸ್‌ಬುರ್ಗ್ ಡ್ಯಾನ್ಯೂಬ್ ನದಿಯ ದಡದಲ್ಲಿದೆ. ಕ್ರಿ.ಶ. 179ರಲ್ಲಿ ರೋಮನ್ನರು ಅಲ್ಲಿ ಒಂದು ಸೈನ್ಯದ ಕೋಟೆ ಕಟ್ಟಿದರು. ಆ ಕೋಟೆಯ ಒಂದು ಕಲ್ಲಿನ ಬಾಗಿಲು ಇವತ್ತಿಗೂ ನಿಂತಿದೆ. ರೋಮನ್ ಸೈನ್ಯದ ಒಂದು ದೊಡ್ಡ ತುಕಡಿಗೆ ಲೀಜನ್ ಅಂತ ಹೆಸರು. ಹಾಗಾಗಿ 1987ರಲ್ಲಿ ಶುರುವಾದ ಬೇಸ್‌ಬಾಲ್ ಕ್ಲಬ್ಬಿನ ಹೆಸರು ಲೆಗಿಯೊನೇರೆ, ಅಂದರೆ ಆ ಸೈನಿಕರು. ನಮ್ಮಲ್ಲಿ ಫ್ರಾಂಚೈಸಿಗಳಿಗೆ ಹೆಸರಿಡೋಕೆ ಹುಲಿ, ಸಿಂಹ, ರಾಜ ಬಿಟ್ಟರೆ ಏನೂ ಹೊಳೆಯೋದಿಲ್ಲ. ಇವರು ತಮ್ಮೂರಿನ ಮಣ್ಣು ಅಗೆದರೆ ಸಿಗೋದನ್ನೇ ಇಟ್ಟುಕೊಂಡಿದ್ದಾರೆ.

ಅವರು ಆಡೋದು ಬುಂಡೆಸ್‌ಲೀಗಾದಲ್ಲಿ. ಹಾಗಂದ ತಕ್ಷಣ ಎಲ್ಲರೂ ಬಾಯರ್ನ್ ಮ್ಯೂನಿಕ್ ಅಂತಾರೆ. ಬುಂಡೆಸ್‌ಲೀಗಾ ಅಂದರೆ ದೇಶಮಟ್ಟದ ಲೀಗ್ ಅಷ್ಟೇ. ಫುಟ್‌ಬಾಲಿಗೆ ಇರುವ ಹಾಗೆ ಬೇಸ್‌ಬಾಲಿಗೂ ಒಂದಿದೆ, 1984ರಿಂದ. ಉತ್ತರ, ದಕ್ಷಿಣ ಅಂತ ಎರಡು ಭಾಗ, ಆಮೇಲೆ ಪ್ಲೇಆಫ್, ಕೊನೆಗೆ ಐದು ಪಂದ್ಯಗಳ ಫೈನಲ್, ಮೂರು ಗೆದ್ದವರಿಗೆ ಪಟ್ಟ. ಸಾಮಾನ್ಯವಾಗಿ ವೀಕೆಂಡ್‌ನಲ್ಲಿ ಒಂದೇ ಎದುರಾಳಿಯ ಜೊತೆ ಎರಡು ಪಂದ್ಯ. ಯಾಕಂದರೆ ಆಡೋರಲ್ಲಿ ಹೆಚ್ಚಿನವರಿಗೆ ಸೋಮವಾರ ಬೆಳಿಗ್ಗೆ ಕೆಲಸವೋ ಕಾಲೇಜೋ ಇರುತ್ತೆ.

ಜರ್ಮನಿಗೆ ಈ ಆಟ ಬಂದ ಕಥೆ ಸ್ವಲ್ಪ ಹೇಳಲೇಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಒಂದು ಪ್ರದರ್ಶನ ಪಂದ್ಯ ಇತ್ತು. ಅಮೆರಿಕದವರೇ ಎರಡು ಟೀಮ್ ಮಾಡಿಕೊಂಡು ಆಡಿದರು. ನೋಡೋಕೆ ಲಕ್ಷದ ಹತ್ತಿರ ಜನ ಬಂದಿದ್ದರು ಅಂತ ದಾಖಲೆ. ಅಷ್ಟು ಜನ ನೋಡಿದರೂ ಆಟ ಅಲ್ಲಿ ಬೇರು ಬಿಡಲಿಲ್ಲ. ಬೇರು ಬಿಟ್ಟಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಂದ. ಕ್ಯಾಂಪ್ ಪಕ್ಕದ ಹುಡುಗರು ಬೇಲಿ ಆಚೆ ನಿಂತು ನೋಡಿದರು, ಆಮೇಲೆ ಕಲಿತರು. ಮ್ಯಾನ್‌ಹೈಮ್‌ನಂಥ ಅಮೆರಿಕನ್ ಸೈನ್ಯ ಇದ್ದ ಊರುಗಳೇ ಮೊದಲು ಗಟ್ಟಿಯಾಗಿದ್ದು. 1975ರಲ್ಲಿ ಶುರುವಾದ ಮ್ಯಾನ್‌ಹೈಮ್ ಟೊರ್ನಾಡೋಸ್ 1984ರಿಂದ 1989ರ ತನಕ ಸತತ ಆರು ಸಲ ಚಾಂಪಿಯನ್ ಆದರು. ಆಮೇಲೆ ಕಾಲ ಬದಲಾಯ್ತು. 2001ರಿಂದ 2005ರ ತನಕ ಪಾಡರ್‌ಬೋರ್ನ್ ಊರಿನ ಟೀಮ್ ಸತತ ಐದು ಸಲ ಗೆದ್ದಿತು.

ರೇಗೆನ್ಸ್‌ಬುರ್ಗ್ ಸರದಿ ಬಂದಿದ್ದು 2008ರಲ್ಲಿ, ಕ್ಲಬ್ ಶುರುವಾಗಿ 21 ವರ್ಷ ಆದಮೇಲೆ. 2009ರಲ್ಲಿ ಹೈಡೆನ್‌ಹೈಮ್ ಗೆದ್ದಿತು. ಆಮೇಲೆ 2010, 2011, 2012, 2013, ನಾಲ್ಕೂ ವರ್ಷ ಲೆಗಿಯೊನೇರೆ. ಆರು ಸೀಸನ್‌ನಲ್ಲಿ ಐದು ಕಪ್. ಆಮೇಲೆ ನಿಂತುಹೋಯ್ತು. 2014ರಿಂದ 2024ರ ತನಕ ಹನ್ನೊಂದು ಸೀಸನ್‌ನಲ್ಲಿ ಜೋಲಿಂಗನ್, ಮೈನ್ಸ್, ಬಾನ್, ಹೈಡೆನ್‌ಹೈಮ್, ಈ ನಾಲ್ಕೇ ಊರಿನವರು ಹಂಚಿಕೊಂಡಿದ್ದಾರೆ. ಅದರಲ್ಲೂ ಹೈಡೆನ್‌ಹೈಮ್ ಬರೀ 50 ಸಾವಿರ ಚಿಲ್ಲರೆ ಜನಸಂಖ್ಯೆಯ ಊರು.

ಜಗಳ ಶುರುವಾಗಿದ್ದು ಇಲ್ಲಿ. ನಮ್ಮ ರೂಮ್‌ಮೇಟ್ ಒಬ್ಬ ಈ ಪಟ್ಟಿ ನೋಡಿ, "ಮುಗೀತಲ್ಲ ಗುರು, ಇವರದ್ದು ಬರೀ ಹಳೇ ವೈಭವ" ಅಂದ. ಹದಿನೇಳು ಸೀಸನ್ ಕಪ್ ಇಲ್ಲದೆ ಆರ್‌ಸಿಬಿ ಜೆರ್ಸಿ ಹಾಕಿಕೊಂಡು ಓಡಾಡಿದವನು ಆಡೋ ಮಾತಾ ಇದು? ಆದರೆ ನಮ್ಮ ವಾದ ನಿಷ್ಠೆಯ ಬಗ್ಗೆ ಅಲ್ಲ. ಒಂದು ಕ್ಲಬ್ ಯಾವುದಕ್ಕಾಗಿ ಇದೆ ಅನ್ನೋದರ ಬಗ್ಗೆ. ಕಪ್‌ಗಳ ಪಟ್ಟಿ ಇಟ್ಟುಕೊಂಡು ಒಂದು ಕ್ಲಬ್ಬಿನ ಇತಿಹಾಸ ಬರೆದರೆ ಅದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ ಅಂತ ನಮಗೆ ಅನ್ನಿಸಿದೆ.

ಮೊದಲು ಗ್ರೌಂಡ್ ವಿಷಯ ತಗೊಳ್ಳಿ. ಬೇಸ್‌ಬಾಲ್ ಗ್ರೌಂಡ್ ಅಂದರೆ ಹೆಚ್ಚುಕಡಿಮೆ ಕಾಲು ವೃತ್ತ, ಒಂದು ಬೀಸಣಿಗೆ ಬಿಚ್ಚಿಟ್ಟ ಹಾಗೆ. ಮೂಲೆಯಲ್ಲಿ ಬ್ಯಾಟ್ ಹಿಡಿದವನು. ಅವನಿಂದ 18.44 ಮೀಟರ್ ದೂರದಲ್ಲಿ ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ ಪಿಚರ್. ಒಂದು ಬೇಸ್‌ನಿಂದ ಇನ್ನೊಂದಕ್ಕೆ 27.43 ಮೀಟರ್. ಗಂಟೆಗೆ 145 ಕಿಲೋಮೀಟರ್ ಅಂದರೆ ಸೆಕೆಂಡಿಗೆ 40 ಮೀಟರ್, ಹಾಗಾಗಿ ಚೆಂಡು ತಲುಪೋಕೆ ಅರ್ಧ ಸೆಕೆಂಡೂ ಬೇಡ. ಕ್ರಿಕೆಟ್‌ನಲ್ಲಿ ಕನಿಷ್ಠ ಪಿಚ್ ಬಿದ್ದು ಸ್ವಲ್ಪ ನಿಧಾನ ಆಗುತ್ತೆ, ಇಲ್ಲಿ ಫುಲ್‌ಟಾಸೇ ಎಲ್ಲಾ. ದೊಡ್ಡ ಗ್ರೌಂಡುಗಳಲ್ಲಿ ಆಚೆ ಕಡೆಯ ಬೇಲಿ 100 ಮೀಟರ್ ದಾಟಿ ಇರುತ್ತೆ. ಈಗ ಇದನ್ನು 105 ಇಂಟು 68 ಮೀಟರ್‌ನ ಫುಟ್‌ಬಾಲ್ ಮೈದಾನದಲ್ಲಿ ಕೂರಿಸಿ ನೋಡಿ. ಕೂರೋದಿಲ್ಲ. ಗ್ರಾಫ್ ಶೀಟ್‌ನಲ್ಲಿ ನಾವೇ ಪ್ರಯತ್ನಪಟ್ಟು ನೋಡಿದ್ವಿ. ಊರೆಲ್ಲಾ ಫುಟ್‌ಬಾಲ್ ಮೈದಾನವೇ ಇರುವ ದೇಶದಲ್ಲಿ ಈ ಆಟಕ್ಕೆ ಬೇರೆ ಜಾಗವೇ ಬೇಕು.

ರೇಗೆನ್ಸ್‌ಬುರ್ಗ್‌ನವರು ಒಂದೇ ಒಂದು ಕಪ್ ಗೆಲ್ಲೋ ಮುಂಚೆ ಮಾಡಿದ ಕೆಲಸ ಅದು. ಊರಿನ ಪೂರ್ವಕ್ಕಿರುವ ಶ್ವಾಬೆಲ್‌ವೈಸ್ ಅನ್ನೋ ಭಾಗದಲ್ಲಿ ಬರೀ ಬೇಸ್‌ಬಾಲ್‌ಗೆ ಅಂತಲೇ ಒಂದು ಗ್ರೌಂಡ್. ಇವತ್ತು ಅದರ ಹೆಸರು ಆರ್ಮಿನ್ ವುಲ್ಫ್ ಅರೀನಾ. ಆಮೇಲೆ ನೋಡಿ ಏನಾಯ್ತು ಅಂತ. 2009ರ ಬೇಸ್‌ಬಾಲ್ ವಿಶ್ವಕಪ್‌ನ ಪಂದ್ಯಗಳು ಅಲ್ಲಿಗೆ ಬಂದವು. 2012ರಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಅರ್ಹತಾ ಸುತ್ತು ಅಲ್ಲೇ ನಡೆಯಿತು. ಜರ್ಮನಿ ಕೊನೆಯ ಪಂದ್ಯದ ತನಕ ಬಂದು ಕೆನಡಾಕ್ಕೆ ಸೋತಿತು. 2022ರಲ್ಲಿ ಮತ್ತೊಂದು ಅರ್ಹತಾ ಸುತ್ತು, ಅದೇ ಗ್ರೌಂಡ್.

2022ರ ಆ ಸುತ್ತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಮಗೆ ತುಂಬಾ ಇಷ್ಟವಾದ ಭಾಗ ಅದು. ಆತಿಥ್ಯ ಕೊಟ್ಟ ಜರ್ಮನಿಗೆ ಟಿಕೆಟ್ ಸಿಗಲಿಲ್ಲ. ಬ್ರಿಟನ್‌ಗೆ ಸಿಕ್ಕಿತು, ಪಕ್ಕದ ದೇಶ ಚೆಕ್‌ಗೆ ಸಿಕ್ಕಿತು. ಚೆಕ್ ಟೀಮಿನ ಕೋಚ್ ನರರೋಗ ತಜ್ಞ, ಆಟಗಾರರಲ್ಲಿ ಫೈರ್‌ಮನ್, ಟೀಚರ್ ಎಲ್ಲಾ ಇದ್ದರು. 2023ರ ಮಾರ್ಚ್‌ನಲ್ಲಿ ಟೋಕಿಯೋದಲ್ಲಿ ಅವರ ಪಿಚರ್ ಒಂದ್ರೆಯ್ ಸಟೋರಿಯಾ ಜಪಾನಿನ ಶೋಹೇ ಒಹ್ತಾನಿಯನ್ನು ಸ್ಟ್ರೈಕ್ ಔಟ್ ಮಾಡಿದ. ಸಟೋರಿಯಾ ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಒಹ್ತಾನಿ ಅಂದರೆ ಆ ಆಟದಲ್ಲಿ ಈಗ ಇರುವವರಲ್ಲೇ ದೊಡ್ಡ ಹೆಸರು. ನಮ್ಮ ಇಲೆಕ್ಟ್ರಿಕಲ್ ಬ್ರಾಂಚಿನವರು ಈ ವಿಡಿಯೋನ ಸ್ಟೇಟಸ್ ಹಾಕಿಕೊಳ್ಳಬೇಕಾದ್ದೇ. ಆ ಎಲೆಕ್ಟ್ರಿಷಿಯನ್‌ನ ಟೀಮ್ ಟೋಕಿಯೋಗೆ ಹೋದ ದಾರಿ ಒಂದು ಜರ್ಮನ್ ಕ್ಲಬ್ಬಿನ ಗ್ರೌಂಡ್ ಮೇಲೆ ಹಾದುಹೋಯಿತು. ಇದನ್ನು ಯಾವ ಕಪ್ ಪಟ್ಟಿಯಲ್ಲಿ ಬರೀತೀರಿ?

ಇನ್ನು ಅಕಾಡೆಮಿ. ಊರೂರಿನ ಹುಡುಗರು ಬಂದು, ಅಲ್ಲೇ ಉಳಿದು, ಶಾಲೆಗೂ ಹೋಗಿ ಬೇಸ್‌ಬಾಲೂ ಕಲಿಯುವ ವ್ಯವಸ್ಥೆ. ಡೊನಾಲ್ಡ್ ಲುಟ್ಸ್ ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದಿದ್ದು ಜರ್ಮನಿಯ ಫ್ರೀಡ್‌ಬೆರ್ಗ್‌ನಲ್ಲಿ. ಮೊದಲು ಐಸ್ ಹಾಕಿ ಆಡ್ತಿದ್ದ, ಬೇಸ್‌ಬಾಲ್‌ಗೆ ಬಂದಿದ್ದು ತಡವಾಗಿ. ರೇಗೆನ್ಸ್‌ಬುರ್ಗ್‌ನಲ್ಲಿ ಆಡಿ ಸಿನ್ಸಿನಾಟಿ ರೆಡ್ಸ್‌ಗೆ ಹೋದ. 2013ರಲ್ಲಿ ಮೇಜರ್ ಲೀಗ್‌ನಲ್ಲಿ ಆಡಿದಾಗ, ಜರ್ಮನಿಯಲ್ಲೇ ಆಟ ಕಲಿತು ಅಲ್ಲಿಗೆ ತಲುಪಿದ ಮೊದಲನೆಯವನು ಅವನು. ಎರಡನೆಯವನು ನಮ್ಮ ಮ್ಯಾಕ್ಸ್ ಕೆಪ್ಲರ್. ಅಪ್ಪ ಪೋಲೆಂಡ್‌ನವರು, ಅಮ್ಮ ಅಮೆರಿಕದವರು, ಇಬ್ಬರೂ ಬರ್ಲಿನ್‌ನಲ್ಲಿ ಬ್ಯಾಲೆ ಡ್ಯಾನ್ಸರ್‌ಗಳು. ಹುಡುಗ ಹದಿಹರೆಯದಲ್ಲಿ ಬರ್ಲಿನ್ ಬಿಟ್ಟು ರೇಗೆನ್ಸ್‌ಬುರ್ಗ್ ಅಕಾಡೆಮಿಗೆ ಬಂದ. 2009ರಲ್ಲಿ, 16ನೇ ವಯಸ್ಸಿನಲ್ಲಿ, ಮಿನ್ನೆಸೋಟಾ ಟ್ವಿನ್ಸ್ ಅವನಿಗೆ 8 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು. 2015ರಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟ. 2019ರಲ್ಲಿ ಒಂದೇ ಸೀಸನ್‌ನಲ್ಲಿ 36 ಹೋಮ್ ರನ್. ಯುರೋಪಿನಲ್ಲಿ ಹುಟ್ಟಿದ ಯಾರೂ ಅಲ್ಲಿಯವರೆಗೆ ಅಷ್ಟು ಹೊಡೆದಿರಲಿಲ್ಲ.

2009ರಲ್ಲಿ ಹೋದ ಅಂದರೆ ಅರ್ಥ ಮಾಡಿಕೊಳ್ಳಿ. ಮುಂದಿನ ವರ್ಷದಿಂದ ಆ ಕ್ಲಬ್ ಸತತ ನಾಲ್ಕು ಕಪ್ ಗೆದ್ದಿತು, ತನ್ನ ಅಕಾಡೆಮಿಯ ಅತಿ ದೊಡ್ಡ ಪ್ರತಿಭೆ ಇಲ್ಲದೆ! ಇದ್ದಿದ್ದರೆ ಎಷ್ಟು ಗೆಲ್ತಿದ್ದರೋ ಅಂತ ಲೆಕ್ಕ ಹಾಕೋದು ನಮ್ಮ ಥರದವರ ಬುದ್ಧಿ. ಅವರ ಅಕಾಡೆಮಿ ನಡೆಯೋದೇ ಒಳ್ಳೆಯವರು ಹೋಗೇ ಹೋಗ್ತಾರೆ ಅನ್ನೋ ಲೆಕ್ಕದ ಮೇಲೆ.

ಇದರ ಪಕ್ಕದಲ್ಲಿ ನಮ್ಮ ದೇಶದ ಕಥೆ ಇಟ್ಟು ನೋಡಿ. 2008ರಲ್ಲಿ ಭಾರತದಲ್ಲಿ ಒಂದು ಟಿವಿ ಸ್ಪರ್ಧೆ ನಡೆಯಿತು, ಯಾರು ಜೋರಾಗಿ ನೇರವಾಗಿ ಚೆಂಡು ಎಸೀತಾರೆ ಅಂತ. ಉತ್ತರಪ್ರದೇಶದ ಇಬ್ಬರು ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಆಯ್ಕೆಯಾದರು. ಇಬ್ಬರೂ ಜಾವೆಲಿನ್ ಎಸೀತಿದ್ದವರು. ಕೆಲವೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರ ಜೊತೆ ಕರಾರು ಮಾಡಿಕೊಂಡಿತು. 2014ರಲ್ಲಿ ಹಾಲಿವುಡ್ ಸಿನಿಮಾ ಕೂಡ ಬಂತು, ಮ್ಯೂಸಿಕ್ ಎ.ಆರ್. ರೆಹಮಾನ್. ಆದರೆ ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ರಿಂಕು ಆಮೇಲೆ ಕುಸ್ತಿ ಶೋಗೆ ಹೋದರು. ಅವರಿಬ್ಬರ ಶ್ರಮದ ಬಗ್ಗೆ ನಾವು ಒಂದು ಮಾತೂ ಆಡಲ್ಲ, ಗ್ಲೌಸ್ ಹಾಕೋದೇ ಗೊತ್ತಿಲ್ಲದ ಆಟದಲ್ಲಿ ಅಷ್ಟು ದೂರ ಹೋಗಿದ್ದು ಸಣ್ಣ ವಿಷಯ ಅಲ್ಲ. ನಮ್ಮ ತಕರಾರು ಪದ್ಧತಿಯ ಮೇಲೆ. ಕೋಟಿಗಟ್ಟಲೆ ಜನರಲ್ಲಿ ಇಬ್ಬರನ್ನು ಸೋಸಿ ತೆಗೆಯೋದು ಟ್ಯಾಲೆಂಟ್ ಹಂಟ್. ಅವರು ಹೋದಮೇಲೆ ಅವರೂರಿನಲ್ಲಿ ಅವರ ಹೆಸರು ಉಳಿಯಿತು, ಮೂರನೆಯವನನ್ನು ಬೆಳೆಸುವ ಒಂದು ಗ್ರೌಂಡ್, ಒಂದು ಟೀಮ್ ಆ ಸ್ಪರ್ಧೆಯಿಂದ ಬರಲಿಲ್ಲ. ಕೆಪ್ಲರ್ ಹೋದಮೇಲೆ ರೇಗೆನ್ಸ್‌ಬುರ್ಗ್‌ನಲ್ಲಿ ಅದೇ ಗ್ರೌಂಡ್ ಇತ್ತು, ಅದೇ ಅಕಾಡೆಮಿ ಇತ್ತು.

ರೂಮ್‌ಮೇಟ್ ಸುಮ್ಮನಿರೋನಲ್ಲ. ಅವನ ಮೂರು ಪಾಯಿಂಟ್‌ಗೆ ಉತ್ತರ ಕೊಡದೆ ಮುಂದೆ ಹೋಗೋದು ಮೋಸ. ಒಂದು, "ಕೆಪ್ಲರ್‌ಗೆ ಅಮೆರಿಕದ ಅಮ್ಮ ಇದ್ದರು, ಮನೆಯಲ್ಲೇ ಇಂಗ್ಲಿಷ್ ಇತ್ತು. ಲುಟ್ಸ್ ಹುಟ್ಟಿದ್ದೇ ಅಲ್ಲಿ. ಕ್ಲಬ್ ಏನು ಮಾಡ್ತು?" ನಿಜ, ಆ ಅನುಕೂಲ ಸಣ್ಣದಲ್ಲ. ಪೂರ್ತಿ ಜರ್ಮನ್ ಮನೆಯ ಹುಡುಗ ಮೂರನೆಯವನಾಗಿ ಬಂದಿದ್ದರೆ ನಮ್ಮ ವಾದ ಇನ್ನೂ ಗಟ್ಟಿ ಆಗ್ತಿತ್ತು. ಎರಡು, "ಅಷ್ಟು ಮಾಡಿಯೂ ಜರ್ಮನಿ ಇದುವರೆಗೆ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಮುಖ್ಯ ಸುತ್ತಿಗೆ ಹೋಗಿಲ್ಲ." ಇದೂ ನಿಜ. ಒಂದು ಕ್ಲಬ್ ಒಂದು ದೇಶವನ್ನು ಎಳೆಯೋಕಾಗಲ್ಲ. ಬೇಸ್‌ಬಾಲ್ 2012, 2016, 2024ರ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ದುಡ್ಡು ಕೇಳೋದು ಯಾವ ದೇಶದಲ್ಲೂ ಕಷ್ಟ. 2028ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮತ್ತೆ ಬರ್ತಿದೆ, ಕ್ರಿಕೆಟ್ ಜೊತೆಗೇ. ಮೂರನೇ ಪಾಯಿಂಟ್ ಸ್ವಲ್ಪ ಚುಚ್ಚಿತು. "ಕ್ಲಬ್ ಹೆಸರಿನ ಮುಂದೆ ಸ್ಪಾನ್ಸರ್ ಕಂಪನಿ ಹೆಸರು. ಮೊದಲು ಬುಖ್‌ಬಿಂಡರ್ ಲೆಗಿಯೊನೇರೆ, ಆಮೇಲೆ ಗುಗೆನ್‌ಬೆರ್ಗರ್ ಲೆಗಿಯೊನೇರೆ. ರೋಮನ್ ಸೈನಿಕನಿಗೂ ಜಾಹೀರಾತು ಬೋರ್ಡು." ಹೌದು. ಆದರೆ ಜರ್ಮನಿಯಲ್ಲಿ ಇಂಥ ಕ್ಲಬ್ಬುಗಳು ಸಾಮಾನ್ಯವಾಗಿ ನೋಂದಾಯಿತ ಸಂಘಗಳು. ಸದಸ್ಯರು ವರ್ಷದ ಶುಲ್ಕ ಕಟ್ತಾರೆ, ಅವರೇ ಪದಾಧಿಕಾರಿಗಳನ್ನು ಆರಿಸ್ತಾರೆ, ವೀಕೆಂಡ್ ಬಂದು ಹುಲ್ಲು ಕತ್ತರಿಸಿ ಗೆರೆ ಹಾಕ್ತಾರೆ. ನಮ್ಮ ಊರಿನ ಯುವಕ ಸಂಘದ ಹಾಗೆ, ಗಣೇಶನ ಹಬ್ಬದ ಆಚೆಗೂ ಕೆಲಸ ಮಾಡುವ ಯುವಕ ಸಂಘ ಅಂದುಕೊಳ್ಳಿ. ಕಂಪನಿ ಬದಲಾದರೂ ಲೆಗಿಯೊನೇರೆ ಅನ್ನೋ ಪದ ಬದಲಾಗಿಲ್ಲ ಅನ್ನೋದು ಗಮನಿಸಿ.

ಇಷ್ಟೆಲ್ಲಾ ನಮಗ್ಯಾಕೆ ತಲೆಗೆ ಹತ್ತಿತು ಅಂದರೆ ನಮ್ಮ ಮೂವರ ಗಾಯ ಬೇರೆ ಇದೆ. ನಾವು ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ಟೀಮಿನವರು. ಅಂದರೆ, ಟೀಮ್ ಇದ್ದಿದ್ದರೆ ಟೀಮಿನವರು ಆಗಿರ್ತಿದ್ದವರು. ಹೋದ ವರ್ಷ ನಮ್ಮ ಕಾಲೇಜು ಝೋನ್ ಫೈನಲ್ ತನಕ ಹೋಗಿತ್ತು, ನೋಟಿಸ್ ಬೋರ್ಡ್‌ನಲ್ಲಿ ಫೋಟೋ ಇನ್ನೂ ಇದೆ. ಫೋಟೋದಲ್ಲಿ ಇರುವವರೆಲ್ಲಾ ಫೈನಲ್ ಇಯರ್. ಎಲ್ಲರೂ ಈಗ ಬೆಳ್ಳಂದೂರಿನಲ್ಲೋ ಹೈದರಾಬಾದಿನಲ್ಲೋ ಲ್ಯಾಪ್‌ಟಾಪ್ ಮುಂದೆ ಇದ್ದಾರೆ. ಒಳ್ಳೆಯ ಅಣ್ಣಂದಿರು, ಅವರ ಮೇಲೆ ನಮಗೆ ಕೋಪ ಇಲ್ಲ. ಆದರೆ ಫಸ್ಟ್ ಇಯರ್ ಪೂರ್ತಿ ನಾವು ಕೋರ್ಟ್ ಹೊರಗೆ ನಿಂತು ಹಳದಿ ಉಣ್ಣೆ ಚೆಂಡು ಹೆಕ್ಕಿಕೊಟ್ಟಿದ್ದೀವಿ. "ಮ್ಯಾಚ್ ಹತ್ತಿರ ಇದೆ ಕಣ್ರೋ, ಆಮೇಲೆ ಆಡೋಣ" ಅಂತಿದ್ರು. ಆ ಆಮೇಲೆ ಬರಲೇ ಇಲ್ಲ. ಈ ವರ್ಷ ಕೋರ್ಟಿಗೆ ಇಳಿಯೋಕೆ ಐದು ಜನ ಬೇಕು, ಆಡೋಕೆ ಬರೋರು ನಾವು ಮೂವರು. ಎಂಟ್ರಿ ಕಳಿಸಲಿಲ್ಲ.

ಇದು ಬಾಲ್ ಬ್ಯಾಡ್ಮಿಂಟನ್ ಕಥೆ ಮಾತ್ರ ಅಲ್ಲ. ನಾಟಕದ ಟೀಮ್, ರೋಬೋಟಿಕ್ಸ್, ಈ ಪತ್ರಿಕೆ ತರುವ ಕನ್ನಡ ಸಂಘ, ಎಲ್ಲದರದ್ದೂ ಇದೇ ಲೆಕ್ಕ. ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಕ್ಲಬ್ ಖಾಲಿ ಆಗುತ್ತೆ. ಯಾರನ್ನೂ ಹಿಡಿದು ಇಟ್ಟುಕೊಳ್ಳೋಕೆ ಆಗಲ್ಲ, ಇಟ್ಟುಕೊಳ್ಳಲೂ ಬಾರದು, ಬ್ಯಾಕ್‌ಲಾಗ್ ಇರೋರನ್ನು ಬಿಟ್ಟು! ಜನ ಹೋಗೋದು ಖಾತ್ರಿ ಇರುವ ಕ್ಲಬ್ ರೇಗೆನ್ಸ್‌ಬುರ್ಗ್ ಥರ ಯೋಚನೆ ಮಾಡಬೇಕು ಅನ್ನೋದೇ ನಮ್ಮ ಅಭಿಪ್ರಾಯ. ನಾವು ಮಾಡ್ತಿರೋದು ಟ್ಯಾಲೆಂಟ್ ಹಂಟ್. ಆಗಸ್ಟ್‌ನಲ್ಲಿ ಸೆಲೆಕ್ಷನ್, ಮೊದಲೇ ಆಡೋಕೆ ಬರೋರನ್ನು ಆರಿಸೋದು, ಕಪ್ ಬಂದರೆ ಫೋಟೋ.

ಸ್ಪೋರ್ಟ್ಸ್ ಕಮಿಟಿಗೆ ನಾವು ಕೊಟ್ಟಿರೋ ಪತ್ರದಲ್ಲಿ ಕೇಳಿರೋದು ಎರಡೇ. ವಾರದಲ್ಲಿ ಎರಡು ಸಂಜೆ ಕೋರ್ಟ್ ಬರೀ ಹೊಸಬರಿಗೆ. ಪ್ರತಿ ಟೀಮಿನಲ್ಲೂ ಎರಡು ಜಾಗ ಫಸ್ಟ್ ಇಯರ್‌ಗೆ, ಅವರು ಚೆನ್ನಾಗಿ ಆಡಿದರೂ ಸರಿ, ಆಡದಿದ್ದರೂ ಸರಿ. ಥರ್ಡ್ ಇಯರ್‌ನವರು ಕೆಲವರು ಆಗಲೇ ಮುಖ ಗಂಟಿಕ್ಕಿದ್ದಾರೆ. ಸರ್ಟಿಫಿಕೇಟ್ ಸಿಗೋ ಜಾಗ ಎರಡು ಕಡಿಮೆ ಆಗುತ್ತೆ, ಗೆಲ್ಲೋ ಚಾನ್ಸೂ ಕಡಿಮೆ ಆಗುತ್ತೆ ಅಂತ. ಆಗುತ್ತೆ, ಸುಳ್ಳಲ್ಲ. ಒಂದೆರಡು ವರ್ಷ ಮೊದಲ ರೌಂಡ್‌ನಲ್ಲೇ ಮನೆಗೆ ಬರ್ತೀವಿ. ಅದಕ್ಕೆ ನಾವು ರೆಡಿ ಇದ್ದೀವಿ, ಯಾಕಂದರೆ ಆ ಸೋಲೋ ಮ್ಯಾಚ್‌ಗಳನ್ನು ಆಡೋರು ನಾವೇ.

ಪತ್ರಕ್ಕೆ ಉತ್ತರ ಬಂದಿಲ್ಲ. ಉತ್ತರ ಬರೋ ತನಕ ಕಾಯೋದೂ ಇಲ್ಲ. ಶನಿವಾರ ಸಂಜೆ ನಾಲ್ಕೂವರೆಗೆ ಮೆಕ್ಯಾನಿಕಲ್ ಬ್ಲಾಕ್ ಹಿಂದಿನ ಕೋರ್ಟಿನಲ್ಲಿ ನೆಟ್ ಕಟ್ಟಿರ್ತೀವಿ. ರ‍್ಯಾಕೆಟ್ ನಮ್ಮ ಹತ್ತಿರ ಆರು ಇದೆ, ಅದರಲ್ಲಿ ಒಂದರ ಹಿಡಿ ಸಡಿಲ. ಚೆಂಡು ನಾವೇ ಹೆಕ್ಕಿಕೊಡ್ತೀವಿ.